ಖಾಲಿ ಬಿಟ್ಟ ಎರಡು ಬಾರ್ ಯಾರಿಗೆ? ಸಣ್ಣ ಬ್ಯಾಂಡಿಗೆ ಸ್ವಂತ ಬ್ಲೂಸ್ ಕಟ್ಟುವವರ ಮುಂದಿರುವ ಆಯ್ಕೆಗಳು

ಅಮೆರಿಕದ ಕಪ್ಪು ಜನರ ನಡುವೆ ಹುಟ್ಟಿದ ಬ್ಲೂಸ್‌ನಲ್ಲಿ ಹಾಡುವವರು ಹಾಡುವುದು ಹೆಚ್ಚುಕಮ್ಮಿ ಅರ್ಧ ಹೊತ್ತು ಮಾತ್ರ. ಮಾಮೂಲಿ ಹನ್ನೆರಡು ಬಾರ್‌ನ ಹಾಡನ್ನೇ ತೆಗೆದುಕೊಳ್ಳಿ. ಬಾರ್ ಅಂದರೆ ಇಲ್ಲಿ ನಾಲ್ಕು ಬೀಟ್‌ನ ಒಂದು ಅಳತೆ. ಮೂರು ಸಾಲು, ಒಂದೊಂದು ಸಾಲಿಗೆ ನಾಲ್ಕು ಬಾರ್. ಮಾತು ಎರಡು ಬಾರ್‌ನಲ್ಲಿ ಮುಗಿದುಹೋಗುತ್ತದೆ. ಮಿಕ್ಕ ಎರಡು ಬಾರ್ ಖಾಲಿ. ಅಲ್ಲಿ ಗಿಟಾರೋ ಮೌತ್ ಆರ್ಗನ್ನೋ ಹಾಡಿಗೆ ಉತ್ತರ ಕೊಡುತ್ತದೆ.

ಸ್ವಂತ ಹಾಡು ಕಟ್ಟಲು ಕೂತ ಕೂಡಲೇ ಎಲ್ಲರೂ "ಯಾವ ಕಾರ್ಡ್?" ಅಂತ, ಅಂದರೆ ಯಾವ ಸ್ವರಗಳನ್ನು ಒಟ್ಟಿಗೆ ಹಿಡಿಯಬೇಕು ಅಂತ ಕೇಳುತ್ತಾರೆ. ಅದಕ್ಕೂ ಮುಂಚೆ ಕೇಳಬೇಕಾದ ಪ್ರಶ್ನೆ ಬೇರೆ ಇದೆ. ಆ ಖಾಲಿ ಎರಡು ಬಾರ್ ಯಾರಿಗೆ? ನಿಮ್ಮ ಬ್ಯಾಂಡಿನಲ್ಲಿ ಅದನ್ನು ತುಂಬುವವರು ಯಾರು, ಅವರಿಗೆ ಎಷ್ಟು ಕೈ ಓಡುತ್ತದೆ, ಅವರು ಬರದ ದಿನ ಏನು ಗತಿ? ಇಷ್ಟು ತೀರ್ಮಾನವಾದರೆ ಹಾಡಿನ ಆಕಾರ, ನಡೆ, ಸ್ಕೇಲ್, ಸಾಹಿತ್ಯ ಎಲ್ಲದರಲ್ಲೂ ಯಾವುದು ಬೇಕು, ಯಾವುದು ಬೇಡ ಅನ್ನುವುದು ಬೇಗ ಬಗೆಹರಿಯುತ್ತದೆ.

ಬರದ ದಿನದ ಮಾತು ಸುಮ್ನೆ ಹೇಳಿದ್ದಲ್ಲ. ಚಿಕ್ಕಮಗಳೂರು, ಹಾಸನದ ಕಡೆ ಬ್ಯಾಂಡ್ ಅಂದರೆ ಒಬ್ಬರು ತೋಟದವರು, ಒಬ್ಬರು ಬ್ಯಾಂಕಿನವರು, ಇಂಜಿನಿಯರಿಂಗ್ ಓದುವ ಹುಡುಗ ಒಬ್ಬ, ಭಾನುವಾರ ಮಾತ್ರ ಕೈಗೆ ಸಿಗುವ ಡ್ರಮ್ಮರ್ ಒಬ್ಬ. ಕಾಫಿ ಕೊಯ್ಲು ಶುರುವಾದರೆ ತೋಟದವರು ನಾಪತ್ತೆ. ಸೆಮಿಸ್ಟರ್ ಪರೀಕ್ಷೆ ಬಂದರೆ ಹುಡುಗ ನಾಪತ್ತೆ. ನಾಲ್ವರೂ ಇದ್ದರೆ ಮಾತ್ರ ನಿಲ್ಲುವ ಹಾಡನ್ನು ಕಟ್ಟಿಕೊಂಡರೆ ಅದನ್ನು ವರ್ಷಕ್ಕೆ ಎರಡು ಸಲ ನುಡಿಸುವುದೂ ಕಷ್ಟ.

ಹನ್ನೆರಡು, ಎಂಟು, ಹದಿನಾರು

ಮೊದಲ ಆಯ್ಕೆ ಹಾಡಿನ ಉದ್ದದ್ದು. ಎ ಸ್ಕೇಲ್, ಅಂದರೆ ಎ ಸ್ವರವನ್ನೇ ಷಡ್ಜವಾಗಿ ಇಟ್ಟುಕೊಂಡು ನೋಡೋಣ. ಸ್ಕೇಲಿನ ಎಷ್ಟನೆಯ ಸ್ವರದ ಮೇಲೆ ಕಟ್ಟಿದ್ದೋ ಕಾರ್ಡಿಗೆ ಅದೇ ಸಂಖ್ಯೆ. ಇಲ್ಲಿ ಒಂದನೆಯ ಕಾರ್ಡ್ ಎ7, ನಾಲ್ಕನೆಯದು ಡಿ7, ಐದನೆಯದು ಇ7. ಬ್ಲೂಸ್‌ಗೆ ಬೇಕಾದ ಬಂಡವಾಳ ಇಷ್ಟೇ.

ಹನ್ನೆರಡು ಬಾರ್‌ನ ಲೆಕ್ಕ ಹೀಗೆ: ನಾಲ್ಕು ಬಾರ್ ಎ7, ಎರಡು ಬಾರ್ ಡಿ7, ಎರಡು ಬಾರ್ ಎ7, ಆಮೇಲೆ ಇ7 ಒಂದು, ಡಿ7 ಒಂದು, ಕೊನೆಗೆ ಎ7 ಎರಡು. ಕೊನೆಯ ಬಾರ್‌ನಲ್ಲಿ ಇ7 ಹಾಕಿದರೆ ಹಾಡು ತಾನಾಗಿಯೇ ಮೊದಲಿಗೆ ತಿರುಗುತ್ತದೆ. ಎರಡನೆಯ ಬಾರ್‌ನಲ್ಲೇ ಒಮ್ಮೆ ಡಿ7ಗೆ ಹೋಗಿ ಬರುವುದೂ ಉಂಟು. ಇದಕ್ಕೆ ಕ್ವಿಕ್ ಚೇಂಜ್ ಅನ್ನುತ್ತಾರೆ. ಹಾಡು ನಿಧಾನವಾಗಿದ್ದರೆ ಇದು ಬೇಕೇ ಬೇಕು. ಇಲ್ಲದಿದ್ದರೆ ಮೊದಲ ನಾಲ್ಕು ಬಾರ್ ಕೆಸರಿನಲ್ಲಿ ಹೂತ ಜೀಪಿನ ಹಾಗೆ ನಿಂತಲ್ಲೇ ನಿಲ್ಲುತ್ತದೆ.

ಎಂಟು ಬಾರ್‌ನ ಬ್ಲೂಸ್‌ಗೆ "ಕೀ ಟು ದಿ ಹೈವೇ" ಒಳ್ಳೆಯ ಮಾದರಿ. ಅದರಲ್ಲಿ ಕಾರ್ಡ್ ಬೇಗ ಬದಲಾಗುತ್ತದೆ: ಒಂದು, ಐದು, ನಾಲ್ಕು, ನಾಲ್ಕು, ಒಂದು, ಐದು, ಒಂದು, ಐದು. ಒಂದೊಂದು ಸಾಲಿಗೆ ಎರಡೇ ಬಾರ್ ಸಿಗುವುದರಿಂದ ಉತ್ತರ ಕೊಡುವ ಜಾಗ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಹೇಳಬೇಕಾದ ಮಾತು ಜಾಸ್ತಿ ಇದ್ದು, ಲೀಡ್, ಅಂದರೆ ಆ ಉತ್ತರ ನುಡಿಸುವವರು ಇನ್ನೂ ಕಲಿಯುತ್ತಿದ್ದರೆ ಇದನ್ನು ಹಿಡಿಯಿರಿ. ಒಂದು ಗಿಟಾರ್, ಒಂದು ದನಿ ಇದ್ದರೂ ಹಾಡು ಬಡವಾಗುವುದಿಲ್ಲ. ಹೋಮ್‌ಸ್ಟೇಯಲ್ಲಿ ಕ್ಯಾಂಪ್‌ಫೈರ್ ಮುಂದೆ ಇಬ್ಬರೇ ನುಡಿಸುವವರಿಗೆ ಹನ್ನೆರಡಕ್ಕಿಂತ ಇದೇ ಮೇಲು.

ಹದಿನಾರು ಬಾರ್‌ನದ್ದು ಕಥೆ ಹೇಳುವವರ ಆಕಾರ. 1954ರಲ್ಲಿ ಮಡ್ಡಿ ವಾಟರ್ಸ್ ಹಾಡಿದ "ಹೂಚಿ ಕೂಚಿ ಮ್ಯಾನ್" ಕೇಳಿ. ಮೊದಲ ಎಂಟು ಬಾರ್‌ನಲ್ಲಿ ಬ್ಯಾಂಡ್ ಒಂದು ಸಣ್ಣ ರಿಫ್, ಅಂದರೆ ಮತ್ತೆ ಮತ್ತೆ ಬರುವ ಸ್ವರಗಳ ತುಂಡು, ಹೊಡೆದು ನಿಲ್ಲುತ್ತದೆ. ನಿಂತ ಜಾಗದಲ್ಲಿ ಹಾಡುಗಾರ ಮಾತಾಡುತ್ತಾನೆ. ಮತ್ತೆ ರಿಫ್, ಮತ್ತೆ ಮಾತು. ಎಂಟು ಮುಗಿದ ಮೇಲೆ ನಾಲ್ಕನೆಯ ಕಾರ್ಡಿಗೆ ಹೋಗಿ, ಮಾಮೂಲಿ ಹನ್ನೆರಡರ ಮಿಕ್ಕ ಭಾಗದ ಹಾಗೆಯೇ ಮುಗಿಸುತ್ತಾರೆ. ಇದಕ್ಕೆ ಸ್ಟಾಪ್ ಟೈಮ್ ಅಂತ ಹೆಸರು. ಇಲ್ಲಿ ಪ್ರಶ್ನೆ ಕೇಳುವುದು ಬ್ಯಾಂಡ್, ಉತ್ತರ ಕೊಡುವುದು ಹಾಡುಗಾರ. ಖಾಲಿ ಜಾಗ ದನಿಯ ಪಾಲಾಗುತ್ತದೆ. ಹರಿಕಥೆಯೋ ತಾಳಮದ್ದಳೆಯೋ ಕೇಳಿ ಬೆಳೆದವರಿಗೆ, ಮಾತನ್ನು ಲಯದ ಮೇಲೆ ಕೂರಿಸುವುದು ಗೊತ್ತಿರುವವರಿಗೆ ಇದು ಹೇಳಿ ಮಾಡಿಸಿದ ಆಕಾರ. ಆದರೆ ನಿಲ್ಲುವಾಗ ನಾಲ್ವರೂ ಒಟ್ಟಿಗೆ ನಿಲ್ಲಬೇಕು. ಡ್ರಮ್ ಸೆಟ್ಟಿನ ತಟ್ಟೆ ಒಂದು ಕ್ಷಣ ಜಾಸ್ತಿ ಝಣ್ ಅಂದರೂ ಸಾಕು, ಆಟ ಕೆಡುತ್ತದೆ.

ಮೈನರ್ ಬ್ಲೂಸ್, ಅಂದರೆ ದುಃಖದ ಬಣ್ಣದ ಮೈನರ್ ಕಾರ್ಡಿನದ್ದರ ಬಗ್ಗೆ ನನಗೆ ಸ್ವಲ್ಪ ತಕರಾರು ಇದೆ. ಆಕಾರ ಚೆನ್ನಾಗಿದೆ. ಎ ಮೈನರ್, ಡಿ ಮೈನರ್, ಕೊನೆಯ ಸಾಲಿಗೆ ಎಫ್7 ಆಮೇಲೆ ಇ7. ಬಿ.ಬಿ. ಕಿಂಗ್ 1969ರಲ್ಲಿ ಧ್ವನಿಮುದ್ರಿಸಿದ "ದಿ ಥ್ರಿಲ್ ಈಸ್ ಗಾನ್" ಈ ಜಾತಿಯದ್ದು. ಕೊನೆಯ ಸಾಲಿನ ಆ ಎರಡು ಕಾರ್ಡ್ ಎಂಥವರ ಎದೆಯನ್ನೂ ಹಿಂಡುತ್ತವೆ. ತೊಂದರೆ ಎಲ್ಲಿ ಅಂದರೆ, ಕನ್ನಡದ ಸಾಲನ್ನು ಮೈನರ್ ಕಾರ್ಡಿನ ಮೇಲೆ ಇಟ್ಟ ಕೂಡಲೇ ದನಿ ಭಾವಗೀತೆಯ ಕಡೆ ಜಾರುತ್ತದೆ. ಅದರ ಮೇಲೆ ಕೀಬೋರ್ಡಿನವರು ಸ್ಟ್ರಿಂಗ್ಸ್ ಸೌಂಡ್ ಹಿಡಿದರೆ ಮುಗಿಯಿತು, ಸೀರಿಯಲ್‌ನ ಟೈಟಲ್ ಸಾಂಗ್ ತಯಾರು. ಮೈನರ್ ಬೇಕೇ ಬೇಕು ಅನ್ನುವವರು ಕೀಬೋರ್ಡ್ ಬಿಟ್ಟು, ಬೇಸ್ ರಿಫ್ ಮೇಲೆ ಹಾಡನ್ನು ನಿಲ್ಲಿಸಿ.

ನಡುವೆ ಬೇರೆ ಬಣ್ಣದ ತುಂಡು ಸೇರಿಸಬಹುದಾ ಅಂತ ಕೇಳುವವರಿದ್ದಾರೆ. ಧಾರಾಳವಾಗಿ. ಡಬ್ಲ್ಯು.ಸಿ. ಹ್ಯಾಂಡಿ 1914ರಲ್ಲಿ ಪ್ರಕಟಿಸಿದ "ಸೇಂಟ್ ಲೂಯಿಸ್ ಬ್ಲೂಸ್" ಹನ್ನೆರಡು ಬಾರ್‌ಗಳ ನಡುವೆ ಟ್ಯಾಂಗೋ ಲಯದ ಹದಿನಾರು ಬಾರ್ ಇಟ್ಟುಕೊಂಡೇ ಹೆಸರಾಯಿತು. ಆದರೆ ಮೊದಲ ಹಾಡಿಗೇ ಬೇಡ ಅನ್ನುವುದು ನನ್ನ ಅಭಿಪ್ರಾಯ.

ಸಾಹಿತ್ಯ: ಅವರ ಮೂರು ಸಾಲು, ನಮ್ಮ ಮೂರು ಸಾಲು

ಇಲ್ಲಿ ಸ್ವಲ್ಪ ಹೊತ್ತು ಕೂರಬೇಕು. ಹೆಚ್ಚಿನ ಕನ್ನಡ ಬ್ಲೂಸ್ ಪ್ರಯತ್ನಗಳು ಕೆಡುವುದು ಕಾರ್ಡಿನಲ್ಲಿ ಅಲ್ಲ, ಸಾಹಿತ್ಯದಲ್ಲಿ.

ಬ್ಲೂಸ್‌ನ ಹಳೆಯ ಕ್ರಮದಲ್ಲಿ ಮೊದಲ ಸಾಲು ಒಂದು ಮಾತು ಹೇಳುತ್ತದೆ. ಎರಡನೆಯದು ಅದೇ ಮಾತನ್ನು ಮತ್ತೆ ಹೇಳುತ್ತದೆ, ಆದರೆ ಕೆಳಗಿನ ಕಾರ್ಡ್ ಬದಲಾಗಿರುತ್ತದೆ. ಮೂರನೆಯದು ಅದಕ್ಕೆ ತಿರುವು ಕೊಡುತ್ತದೆ. ಮರುಹೇಳಿಕೆ ಸುಮ್ಮನೆ ಜಾಗ ತುಂಬಲು ಬಂದದ್ದಲ್ಲ. ಅದೇ ಮಾತು ಡಿ7 ಮೇಲೆ ಕೂತಾಗ ಬೇರೆ ಥರ ಕೇಳಿಸುತ್ತದೆ. ಕೇಳುವವರು ಮೂರನೆಯ ಸಾಲಿಗೆ ಕಾಯುತ್ತಾರೆ.

ನಮ್ಮಲ್ಲೂ ಮೂರು ಸಾಲಿನ ಪದ್ಯ ಇದೆ. ತ್ರಿಪದಿ. ಬಾದಾಮಿಯ ಕಪ್ಪೆ ಅರಭಟ್ಟನ ಶಾಸನದಲ್ಲಿ, ಅಂದರೆ ಸುಮಾರು ಕ್ರಿ.ಶ. 700ರಲ್ಲೇ ಕಲ್ಲಿನ ಮೇಲೆ ಕೂತಿರುವ ಛಂದಸ್ಸು ಅದು. ಸರ್ವಜ್ಞ ಬಳಸಿದ್ದೂ ಇದನ್ನೇ, ಬೀಸುವ ಕಲ್ಲಿನ ಮುಂದೆ ಹೆಂಗಸರು ಹಾಡಿದ್ದೂ ಇದನ್ನೇ. ಹನ್ನೊಂದು ಗಣ. ಮೊದಲ ಎರಡು ಸಾಲಿಗೆ ನಾಲ್ಕು ನಾಲ್ಕು, ಕೊನೆಯದಕ್ಕೆ ಮೂರು. ಈ ಕೊನೆಯ ಸಾಲು ಗಿಡ್ಡ ಇರುವುದೇ ನಮಗೆ ಲಾಭ. ಹನ್ನೆರಡು ಬಾರ್‌ನ ಕೊನೆಯ ಎರಡು ಬಾರ್‌ನಲ್ಲಿ ಬ್ಯಾಂಡ್ ಟರ್ನ್‌ಅರೌಂಡ್ ನುಡಿಸಿ ಹಾಡನ್ನು ಮೊದಲಿಗೆ ತಿರುಗಿಸಬೇಕು. ಮಾತು ಬೇಗ ಮುಗಿದಷ್ಟೂ ಅದಕ್ಕೆ ಜಾಗ ಸಿಗುತ್ತದೆ.

ಹಾಗಾದರೆ ಯಾವುದು ಒಳ್ಳೆಯದು? ತ್ರಿಪದಿಯ ಮೂರೂ ಸಾಲು ಬೇರೆ ಬೇರೆ. ಮಾತು ಓಡುತ್ತಾ ಹೋಗುತ್ತದೆ, ಹಿಂತಿರುಗಿ ನೋಡುವುದಿಲ್ಲ. ಬ್ಲೂಸ್ ನಿಂತು, ಅದೇ ಮಾತನ್ನು ಇನ್ನೊಮ್ಮೆ ಹೇಳುತ್ತದೆ. ನಿಮ್ಮ ಹಾಡುಗಾರರ ದನಿಯಲ್ಲಿ ದಮ್ಮಿದ್ದರೆ ಮರುಹೇಳಿಕೆಯ ಕ್ರಮ ಹಿಡಿಯಿರಿ, ಎರಡನೆಯ ಸಲ ಬೇರೆ ಥರ ಹಾಡಿ ತೋರಿಸಲು ಅವರಿಗೆ ಆಗುತ್ತದೆ. ದನಿ ಸಾಧಾರಣವಾಗಿದ್ದು ಮಾತು ಚುರುಕಾಗಿದ್ದರೆ ತ್ರಿಪದಿಯ ಹಾಗೆ ಮೂರು ಸಾಲೂ ಬೇರೆ ಬರೆಯಿರಿ.

ಇವೆರಡರ ನಡುವೆ ಒಂದು ದಾರಿ ಇದೆ. ನನಗೆ ಇಷ್ಟವಾದದ್ದು ಅದು. ಸೋಬಾನೆ ಪದದಲ್ಲಿ ಒಬ್ಬರೋ ಇಬ್ಬರೋ ಸಾಲು ಎತ್ತಿಕೊಡುತ್ತಾರೆ, ಉಳಿದವರು ಅದನ್ನೇ ಹಿಂದೆ ಹೇಳುತ್ತಾರೆ ಅಲ್ವಾ? ಅದೇ ರೀತಿ ಮೊದಲ ಸಾಲು ಒಬ್ಬರೇ ಹಾಡಲಿ. ಎರಡನೆಯ ಸಾಲನ್ನು ಇಡೀ ಬ್ಯಾಂಡ್ ಹಿಮ್ಮೇಳವಾಗಿ ಹಾಡಲಿ. ಮೂರನೆಯದು ಮತ್ತೆ ಒಬ್ಬರದು. ಹಾಡಲು ಬರದ ಡ್ರಮ್ಮರ್ ಕೂಡ ಎರಡನೆಯ ಸಾಲಿಗೆ ಬಾಯಿ ಹಾಕಬಹುದು. ಮೂರನೇ ಚರಣದ ಹೊತ್ತಿಗೆ ಕೇಳುವವರೂ ಸೇರಿಕೊಳ್ಳುತ್ತಾರೆ.

ಪ್ರಾಸದಲ್ಲೂ ಒಂದು ಆಯ್ಕೆ ಇದೆ. ಇಂಗ್ಲಿಷ್ ಹಾಡು ಸಾಲಿನ ಕೊನೆಯಲ್ಲಿ ಪ್ರಾಸ ಇಡುತ್ತದೆ. ಕನ್ನಡದಲ್ಲಿ ಸಾಲಿನ ಕೊನೆಗೆ ಬರುವುದು ಕ್ರಿಯಾಪದ. ಹೋಯ್ತು, ಬಂತು, ಆಯ್ತು. ಬರಲಿಲ್ಲ, ಇರಲಿಲ್ಲ. ಪ್ರಾಸ ಪುಕ್ಕಟೆಯಾಗಿ ಸಿಗುತ್ತದೆ, ಅದಕ್ಕೇ ಅದಕ್ಕೆ ಬೆಲೆಯೂ ಇಲ್ಲ. ನಮ್ಮ ಹಳಬರು ಪ್ರಾಸವನ್ನು ಸಾಲಿನ ಮೊದಲಲ್ಲಿ, ಎರಡನೆಯ ಅಕ್ಷರದಲ್ಲಿ ಇಟ್ಟರು. ಅದನ್ನು ಬ್ಲೂಸ್‌ಗೆ ತಂದರೆ ಏನಾಗುತ್ತದೆ ನೋಡಿ. ಈ ಬರಹಕ್ಕಾಗಿಯೇ ಕಟ್ಟಿದ ಸಾಲು:

ಮಳೆಗಾಲ ಹಿಡಿದಾಯ್ತು, ನಿನ್ನ ಫೋನು ಬರಲಿಲ್ಲ
ಮಳೆಗಾಲ ಹಿಡಿದಾಯ್ತು, ನಿನ್ನ ಫೋನು ಬರಲಿಲ್ಲ
ಕೊಳೆ ಬಂದ ತೋಟದಲ್ಲಿ ಕಾಯಿ ಕೂಡ ಉಳಿಲಿಲ್ಲ

ಮಳೆ, ಕೊಳೆ. ಮೂರನೆಯ ಸಾಲು ಬಾಯಿ ತೆರೆದ ಕೂಡಲೇ ಕಿವಿ ಹಿಂದಿನ ಸಾಲಿಗೆ ತಗುಲಿಕೊಳ್ಳುತ್ತದೆ. ಕೊನೆಯ 'ಇಲ್ಲ' ಬಂದರೂ ಬರದಿದ್ದರೂ ನಡೆಯುತ್ತದೆ. ಕೊಳೆರೋಗ ಅಂದರೆ ಏನು ಅಂತ ಮೂಡಿಗೆರೆ, ಕೊಪ್ಪ, ಸಕಲೇಶಪುರದಲ್ಲಿ ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ಅಡಿಕೆಗೂ ಬರುತ್ತದೆ, ಕಾಫಿಗೂ ಬರುತ್ತದೆ. ಮಿಸಿಸಿಪ್ಪಿಯ ರೈಲು, ಹೆದ್ದಾರಿ, ವಿಸ್ಕಿಗಳನ್ನು ತಂದು ಕನ್ನಡದಲ್ಲಿ ಕೂರಿಸುವ ಹಾಡುಗಳಿಗಿಂತ ಇದು ಎಷ್ಟೋ ವಾಸಿ. ಕಷ್ಟಕ್ಕೆ ನಮ್ಮಲ್ಲಿ ಬರ ಏನಿಲ್ಲವಲ್ಲ.

ಇನ್ನೊಂದು ವಿಷಯ, ಗುರು ಲಘುವಿನದ್ದು. ಶಫಲ್ ನಡೆಯಲ್ಲಿ ಪ್ರತಿ ಬೀಟ್ ಒಂದು ಉದ್ದ, ಒಂದು ಗಿಡ್ಡ ತುಂಡಾಗಿ ಒಡೆಯುತ್ತದೆ. ಉದ್ದದ್ದು ಗಿಡ್ಡದ್ದರ ಎರಡರಷ್ಟು. ಹಾಗಾಗಿ ತೋಟ, ಊರು, ದೀಪ, ಮಾತು ಮುಂತಾದ ಪದಗಳು ಅದರ ಮೇಲೆ ಹಾಗೇ ಕೂರುತ್ತವೆ, ಗುರು ಒಂದು, ಲಘು ಒಂದು. ಮಳೆ, ಮನೆ, ಹೊಳೆ ಎರಡೂ ಲಘು. ಇವನ್ನು ಬೀಟ್ ಮೇಲೆ ಹಾಕಿದರೆ ಮೊದಲ ಅಕ್ಷರ ಎಳೆದುಹೋಗಿ 'ಮಾಳೆ' ಆಗುತ್ತದೆ. ಬೀಟ್‌ಗಿಂತ ಸ್ವಲ್ಪ ಮುಂಚೆ ಶುರು ಮಾಡಿ, ಎರಡನೆಯ ಅಕ್ಷರ ಬೀಟ್ ಮೇಲೆ ಬೀಳುವ ಹಾಗೆ ಹಾಡಿ. 'ಕಾಯುತ್ತಿದ್ದೇನೆ' ಮುಂತಾದ ಉದ್ದದ ಪದಗಳು ಬಂದರೆ ಬಾಯಿಮಾತಿನ 'ಕಾಯ್ತಿದೀನಿ' ಸಾಕು. ಬರೆದದ್ದನ್ನು ಒಮ್ಮೆ ಗಿಟಾರ್ ಇಲ್ಲದೆ, ತೊಡೆ ತಟ್ಟುತ್ತಾ ಸುಮ್ಮನೆ ಹೇಳಿ ನೋಡಿ. ನಾಲಿಗೆ ತೊಡರುವ ಕಡೆ ಪದ ಬದಲಿಸಿ.

ನಡೆ: ಶಫಲ್, ನಿಧಾನದ್ದು, ನೇರದ್ದು

ತಕಿಟ ಹೇಳಲು ಬಂದರೆ ಶಫಲ್ ಬಂದ ಹಾಗೆ. ನಾಲ್ಕು ಬೀಟ್‌ಗೆ ತಿಶ್ರ ನಡೆ: ತಕಿಟ ತಕಿಟ ತಕಿಟ ತಕಿಟ. ಅದರಲ್ಲಿ 'ಕಿ' ನುಂಗಿಬಿಡಿ. ಉಳಿದದ್ದೇ ಶಫಲ್. ಡ್ರಮ್ಮರ್ ಸಿಗದೆ ತಬಲಾದವರನ್ನು ಕರೆದರೆ ಆರು ಮಾತ್ರೆಯ ದಾದ್ರಾ ಎರಡು ಸುತ್ತು ಒಂದು ಬಾರ್ ಅಂತ ಹೇಳಿ, ಅವರಿಗೆ ತಕ್ಷಣ ಹೊಳೆಯುತ್ತದೆ. ಒಂದೇ ಎಚ್ಚರಿಕೆ, ಪೆಟ್ಟು ಬೀಳಬೇಕಾದ್ದು ಎರಡು ಮತ್ತು ನಾಲ್ಕನೆಯ ಬೀಟ್ ಮೇಲೆ. ಭಜನೆಯ ಚಪ್ಪಾಳೆ ಒಂದರ ಮೇಲೆ ಬಿದ್ದು ಅಭ್ಯಾಸವಾದ ಕೈಗೆ ಇದು ಸ್ವಲ್ಪ ದಿನ ಉಲ್ಟಾ ಅನ್ನಿಸುತ್ತದೆ. ಜನ ಒಂದು, ಮೂರಕ್ಕೆ ಚಪ್ಪಾಳೆ ಹೊಡೆಯಲು ಶುರು ಮಾಡಿದರೆ ಅವರ ಹಿಂದೆ ಹೋಗಬೇಡಿ.

ವೇಗವನ್ನು ಆರಿಸುವಾಗ ಲೆಕ್ಕ ಹಾಕಿ. ಹನ್ನೆರಡು ಬಾರ್ ಅಂದರೆ 48 ಬೀಟ್. ನಿಮಿಷಕ್ಕೆ 120 ಬೀಟ್‌ನಲ್ಲಿ ಒಂದು ಸುತ್ತಿಗೆ 24 ಸೆಕೆಂಡ್, 60ರಲ್ಲಿ 48 ಸೆಕೆಂಡ್. ನಾಲ್ಕು ನಿಮಿಷದ ಹಾಡಿನಲ್ಲಿ ಮೊದಲನೆಯದಕ್ಕೆ ಹತ್ತು ಸುತ್ತು ಸಿಗುತ್ತವೆ, ಎರಡನೆಯದಕ್ಕೆ ಐದೇ. ಇದಕ್ಕಿಂತ ಮುಖ್ಯ, ಖಾಲಿ ಎರಡು ಬಾರ್ 120ರಲ್ಲಿ ನಾಲ್ಕು ಸೆಕೆಂಡ್, 60ರಲ್ಲಿ ಎಂಟು. ಎಂಟು ಸೆಕೆಂಡ್ ಕೇಳಲು ಸಣ್ಣದು. ವೇದಿಕೆಯಲ್ಲಿ, ಎಲ್ಲರೂ ನಿಮ್ಮನ್ನೇ ನೋಡುತ್ತಿರುವಾಗ, ಒಂದು ಗಿಟಾರಿನಲ್ಲಿ ಅದನ್ನು ತುಂಬುವುದು ಅಷ್ಟು ಸುಲಭ ಅಲ್ಲ. ನಿಧಾನದ ಬ್ಲೂಸ್ ಸುಲಭ ಅಂದುಕೊಂಡು ಶುರು ಮಾಡುವವರು ಇಲ್ಲೇ ಸಿಕ್ಕಿಬೀಳುತ್ತಾರೆ. ಉತ್ತರ ಕೊಡುವವರ ಕೈ ಇನ್ನೂ ಪಳಗಿಲ್ಲವಾದರೆ 100ರಿಂದ 120ರ ಶಫಲ್ ಕ್ಷೇಮ.

ನೇರ ನಡೆ, ಅಂದರೆ ತಕ ತಕ ಅನ್ನುವ ರಾಕ್ ಥರದ್ದು, ಕಾಲೇಜು ಫೆಸ್ಟ್‌ಗೆ ಸರಿ. ಅದರ ಬಗ್ಗೆ ಹೆಚ್ಚು ಹೇಳುವಂಥದ್ದು ಏನಿಲ್ಲ.

ಸ್ಕೇಲ್: ಗಿಟಾರಿಗೋ, ದನಿಗೋ, ಊದುವವರಿಗೋ

ಗಿಟಾರಿನವರು ಇ ಅಥವಾ ಎ ಅನ್ನುತ್ತಾರೆ, ತೆರೆದ ತಂತಿ ಸಿಗುತ್ತದೆ ಅಂತ. ಸುಗಮ ಸಂಗೀತ ಕಲಿತ ಹಾಡುಗಾರರು ಕಪ್ಪು ಒಂದು, ಬಿಳಿ ಐದು ಅಂತ ಹಾರ್ಮೋನಿಯಂ ಲೆಕ್ಕದಲ್ಲಿ ಹೇಳುತ್ತಾರೆ. ಸ್ಯಾಕ್ಸೋಫೋನಿನವರದ್ದು ಇನ್ನೊಂದು ಕಥೆ, ಸಣ್ಣ ಆಲ್ಟೋ ಇರಲಿ, ದೊಡ್ಡ ಟೆನರ್ ಇರಲಿ, ಅವರು ಹೇಳುವ ಸ್ವರದ ಹೆಸರು ಒಂದು, ಕೇಳಿಸುವ ಸ್ವರ ಇನ್ನೊಂದು. ಮೂವರೂ ಜಗಳ ಆಡದಿರಲು ಮೊದಲೇ ತಿಳಿದಿರಬೇಕಾದ್ದು ಕೆಲವಿವೆ.

ಗಿಟಾರಿಗೆ ಸುಲಭವಾದ ಇ, ಅಂದರೆ ಬಿಳಿ ಮೂರು, ಆಲ್ಟೋ ಸ್ಯಾಕ್ಸೋಫೋನಿಗೆ ಸಿ ಶಾರ್ಪ್ ಆಗುತ್ತದೆ, ಟೆನರಿಗೆ ಎಫ್ ಶಾರ್ಪ್. ಇಬ್ಬರೂ ಮುಖ ಸಿಂಡರಿಸುತ್ತಾರೆ. ಎಫ್, ಅಂದರೆ ಬಿಳಿ ನಾಲ್ಕು ಹಿಡಿದರೆ ಆಲ್ಟೋಗೆ ಡಿ, ಟೆನರಿಗೆ ಜಿ ಬರುತ್ತದೆ. ಅವರು ಖುಷಿ, ಗಿಟಾರಿನವರು ಬೇಜಾರು. ಸಿ, ಅಂದರೆ ಬಿಳಿ ಒಂದು, ಎಲ್ಲರಿಗೂ ಅಷ್ಟಿಷ್ಟು ಒಪ್ಪುತ್ತದೆ. ಆಲ್ಟೋಗೆ ಎ, ಟೆನರಿಗೆ ಡಿ.

ಮೌತ್ ಆರ್ಗನ್ ಇದ್ದರೆ ಲೆಕ್ಕವೇ ಬೇರೆ. ಹತ್ತು ತೂತಿನ ಸಾದಾ ಹಾರ್ಮೋನಿಕಾದಲ್ಲಿ ಬ್ಲೂಸ್ ನುಡಿಸುವವರು ಹಾಡಿನ ಸ್ಕೇಲಿನದ್ದನ್ನು ಹಿಡಿಯುವುದಿಲ್ಲ. ಹಾಡಿನ ನಾಲ್ಕನೆಯ ಸ್ವರದ್ದನ್ನು ಹಿಡಿಯುತ್ತಾರೆ. ಹೀಗೆ ಮಾಡಿದರೆ ಕೆಳಗೆ ಜಾರಿಸಿ ಬಗ್ಗಿಸಬೇಕಾದ ಸ್ವರಗಳು ಉಸಿರೆಳೆಯುವ ಕಡೆ ಸಿಗುತ್ತವೆ, ಬಗ್ಗಿಸಲು ಅದೇ ಸುಲಭ. ಹಾಡು ಎ ಆದರೆ ಡಿ ಹಾರ್ಮೋನಿಕಾ, ಇ ಆದರೆ ಎ. ಅಂಗಡಿಯಲ್ಲಿ ಸುಲಭವಾಗಿ ಸಿಗುವುದು ಸಿ. ಆದ್ದರಿಂದ ಬೇರೆ ಬೇರೆ ಸ್ಕೇಲಿನ ಸೆಟ್ ಕೊಳ್ಳುವ ಮೊದಲು ಹಾಡನ್ನು ಜಿಗೆ, ಬಿಳಿ ಐದಕ್ಕೆ ಕಟ್ಟಿಬಿಡಿ. ಗಿಟಾರಿಗೂ ಅದು ಆರಾಮ.

ದನಿ ಸೋಲುತ್ತಿದ್ದರೆ ಮಾತ್ರ ಈ ಲೆಕ್ಕವನ್ನೆಲ್ಲ ಪಕ್ಕಕ್ಕಿಡಿ. ಹಾಡುವವರ ಗಂಟಲೇ ಕೊನೆಯ ಮಾತು. ಗಿಟಾರಿನವರಿಗೆ ಕೇಪೋ ಇದೆ, ತಂತಿಗಳ ಮೇಲೆ ಆ ಕ್ಲಿಪ್ ಹಾಕಿ ಸ್ಕೇಲ್ ಏರಿಸಿಕೊಳ್ಳಬಹುದು.

ನಾಲ್ಕನೆಯವರು ಯಾರಾಗಬೇಕು

ದನಿ ಮತ್ತು ಗಿಟಾರ್ ಒಬ್ಬರೇ, ಬೇಸ್ ಒಬ್ಬರು, ಡ್ರಮ್ಸ್ ಒಬ್ಬರು ಅಂತ ಇಟ್ಟುಕೊಳ್ಳೋಣ. ಇನ್ನೊಬ್ಬರನ್ನು ಸೇರಿಸುವುದಾದರೆ ಯಾರನ್ನು?

ಹೆಚ್ಚಿನವರು ಎರಡನೆಯ ಗಿಟಾರ್ ಸೇರಿಸುತ್ತಾರೆ, ಊರಲ್ಲಿ ಅದೇ ಜಾಸ್ತಿ ಸಿಗುವುದು. ತೊಂದರೆ ಏನೆಂದರೆ ಇಬ್ಬರೂ ಒಂದೇ ಕಾರ್ಡನ್ನು ಒಂದೇ ಕಡೆ ಹಿಡಿದು ಬಾರಿಸುತ್ತಾರೆ. ಗದ್ದಲ ದುಪ್ಪಟ್ಟು, ಹಾಡು ಅಷ್ಟೇ. ಇದಕ್ಕೆ ಸುಲಭದ ಮದ್ದು ಇದೆ. ಎರಡನೆಯವರು ಪೂರ್ತಿ ಕಾರ್ಡ್ ಬಿಟ್ಟು ಎರಡೇ ಸ್ವರ ಹಿಡಿಯಲಿ, ಕಾರ್ಡಿನ ಮೂರನೆಯದು ಮತ್ತು ಏಳನೆಯದು. ಎ7ಗೆ ಸಿ ಶಾರ್ಪ್ ಮತ್ತು ಜಿ. ಡಿ7 ಬಂದಾಗ ಎರಡೂ ಅರ್ಧ ಸ್ವರ ಕೆಳಗೆ ಜಾರಿದರೆ ಸಿ ಮತ್ತು ಎಫ್ ಶಾರ್ಪ್, ಡಿ7 ಸಿದ್ಧ. ಎ7ನಿಂದ ಅರ್ಧ ಸ್ವರ ಮೇಲೆ ಜಾರಿದರೆ ಡಿ ಮತ್ತು ಜಿ ಶಾರ್ಪ್, ಇ7 ಸಿದ್ಧ. ಇಡೀ ಹಾಡು ಎರಡು ಬೆರಳಲ್ಲಿ, ಮೂರು ಮನೆಯಲ್ಲಿ ಮುಗಿಯುತ್ತದೆ. ಬೇಸ್ ಕೆಳಗಿನ ಸ್ವರ ಹೇಗೂ ಹಿಡಿದಿರುತ್ತದೆ. ಕೀಬೋರ್ಡಿನವರ ಬಲಗೈಗೂ ಇದೇ ಪಾಠ. ಎಡಗೈಯನ್ನು ತೊಡೆಯ ಮೇಲೆ ಇಟ್ಟುಕೊಂಡರೆ ಬೇಸಿನವರು ಜನ್ಮಪೂರ್ತಿ ನೆನೆಯುತ್ತಾರೆ.

ನನ್ನನ್ನು ಕೇಳಿದರೆ ಮೌತ್ ಆರ್ಗನ್ ಅಥವಾ ಸ್ಯಾಕ್ಸೋಫೋನ್ ಹುಡುಕಿ ಅನ್ನುತ್ತೇನೆ. ಆ ಖಾಲಿ ಎರಡು ಬಾರ್‌ಗೆ ಬೇಕಾದ್ದು ಇನ್ನೊಂದು ದನಿ. ಊದುವ ವಾದ್ಯಕ್ಕೆ ಉಸಿರಿದೆ, ಉಸಿರು ಮುಗಿದರೆ ಅದು ನಿಲ್ಲಲೇಬೇಕು. ಗಿಟಾರಿನವರಿಗೆ ಆ ಕಡಿವಾಣ ಇಲ್ಲ, ಹಾಗಾಗಿ ಅವರು ನಿಲ್ಲಿಸುವುದೂ ಇಲ್ಲ.

ಸ್ಯಾಕ್ಸೋಫೋನ್ ಎಲ್ಲಿಂದ ತರೋಣ ಮಾರಾಯ್ರೆ ಅಂತೀರಾ? ಮುಂದಿನ ಮದುವೆ ಮನೆಯಲ್ಲಿ ವೇದಿಕೆಯ ಪಕ್ಕ ನೋಡಿ. ಕದ್ರಿ ಗೋಪಾಲನಾಥರು ಆ ವಾದ್ಯವನ್ನು ಕರ್ನಾಟಕ ಸಂಗೀತಕ್ಕೆ ಒಗ್ಗಿಸಿದ ಮೇಲೆ ನಮ್ಮ ಕಡೆಯ ಶುಭಕಾರ್ಯಗಳಲ್ಲಿ ಅದು ಹೊಸದಾಗಿ ಉಳಿದಿಲ್ಲ. ಅವರಿಗೆ ಬ್ಲೂಸ್ ಸ್ಕೇಲ್ ಅಂತ ಪಾಠ ಮಾಡಬೇಡಿ. ಶುದ್ಧ ಧನ್ಯಾಸಿ ರಾಗ ಅನ್ನಿ. ಸ ಗ ಮ ಪ ನಿ, ಸಾಧಾರಣ ಗಾಂಧಾರ, ಕೈಶಿಕಿ ನಿಷಾದ. ಗಿಟಾರಿನವರು ಮೈನರ್ ಪೆಂಟಾಟೋನಿಕ್ ಅಂತ ಬಾರಿಸುವುದು ಇವೇ ಐದು ಸ್ವರ. ಮಧ್ಯಮದಿಂದ ಪಂಚಮಕ್ಕೆ ಹೋಗುವ ದಾರಿಯಲ್ಲಿ ಅವೆರಡರ ನಡುವಿನ ಪ್ರತಿಮಧ್ಯಮವನ್ನು ಮುಟ್ಟಿ ಬಿಡಬಹುದು, ಅಲ್ಲಿ ನಿಲ್ಲಬಾರದು. ಕಾರ್ಡ್ ಕೆಳಗೆ ಬದಲಾಗುತ್ತದೆ, ಷಡ್ಜ ಬದಲಾಗುವುದಿಲ್ಲ ಅಂತ ಒಂದು ಮಾತು ಹೇಳಿದರೆ ಅವರು ನಿಶ್ಚಿಂತೆ.

ಒಂದೇ ಒಂದು ಸೂಕ್ಷ್ಮ ಇದೆ, ಅದು ಗಾಂಧಾರದ್ದು. ಒಂದನೆಯ ಕಾರ್ಡ್ ನಡೆಯುವಾಗ ಸಾಧಾರಣ ಗಾಂಧಾರದಿಂದ ಅರ್ಧ ಸ್ವರ ಮೇಲಿನ ಅಂತರ ಗಾಂಧಾರದ ಕಡೆಗೆ ಜಾರಿಸಿದರೆ ಬ್ಲೂಸ್‌ನ ಆ ಕೊರಗು ಬರುತ್ತದೆ. ನಾಲ್ಕನೆಯ ಕಾರ್ಡಿಗೆ ಹೋದ ಮೇಲೆ ಅಂತರ ಗಾಂಧಾರ ಬೇಡ. ಎ ಸ್ಕೇಲಿನಲ್ಲಿ ಅದು ಸಿ ಶಾರ್ಪ್, ಡಿ7 ಒಳಗಿರುವುದು ಸಿ. ಎರಡೂ ಒಟ್ಟಿಗೆ ಕೇಳಿಸಿದರೆ ಹಲ್ಲು ಜುಮ್ಮೆನ್ನುತ್ತದೆ. ಸಾಧಾರಣ ಗಾಂಧಾರ ಹಿಡಿದರೆ ಕಾರ್ಡಿನ ಒಳಗೇ ಕೂತ ಹಾಗೆ. ಗಮಕದಲ್ಲಿ ಪಳಗಿದ ಕಿವಿಗೆ ಇದು ಬೇಗ ಹತ್ತುತ್ತದೆ. ಎಷ್ಟೋ ವರ್ಷ ಗಿಟಾರ್ ಬಾರಿಸಿದವರಿಗೂ ಹತ್ತದ್ದನ್ನು ನಾನು ನೋಡಿದ್ದೇನೆ.

ಬರೆದಿಡುವುದಾ, ತಲೆಯಲ್ಲೇ ಇಡುವುದಾ

ಸ್ವರಲಿಪಿ ಬರೆದು ಹಂಚುವುದು ಒಂದು ದಾರಿ. ಕೂತು, ನುಡಿಸುತ್ತಾ, ಬಾಯಲ್ಲೇ ಹೇಳಿಕೊಂಡು ಜೋಡಿಸುವುದು ಇನ್ನೊಂದು. ಅಮೆರಿಕದ ಜಾಝ್ ಸಂಗೀತಗಾರ ಕೌಂಟ್ ಬೇಸಿಯ ದೊಡ್ಡ ಬ್ಯಾಂಡ್ ಕೂಡ ಎರಡನೆಯ ದಾರಿಯಲ್ಲಿ ಕಟ್ಟಿದ ಹಾಡುಗಳಿಗೆ ಹೆಸರಾಗಿತ್ತು. ನಾಲ್ಕು ಜನರ ಬ್ಯಾಂಡಿಗೆ ಸ್ವರಲಿಪಿ ಬೇಕಿಲ್ಲ. ಆದರೆ ಯಾವ ಸುತ್ತಿನಲ್ಲಿ ಯಾರು ಸುಮ್ಮನಿರಬೇಕು ಅನ್ನುವುದು ಕಾಗದದ ಮೇಲೆ ಇರಲೇಬೇಕು. ಯಾರು ನುಡಿಸಬೇಕು ಅಂತ ಬರೆಯುವ ಅಗತ್ಯ ಇಲ್ಲ, ಅದನ್ನು ಯಾರೂ ಮರೆಯುವುದಿಲ್ಲ.

120ರ ಶಫಲ್‌ಗೆ ನಾನು ಹೀಗೆ ಬರೆಯುತ್ತೇನೆ. ಶುರುವಿಗೆ ಕೊನೆಯ ನಾಲ್ಕು ಬಾರ್, ಐದನೆಯ ಕಾರ್ಡಿನಿಂದ. ಮೊದಲ ಚರಣಕ್ಕೆ ಉತ್ತರ ಕೊಡುವವರು ಬಾಯಿ ಮುಚ್ಚಿಕೊಂಡಿರುತ್ತಾರೆ, ಖಾಲಿ ಜಾಗದಲ್ಲಿ ಬೇಸ್ ಮಾತ್ರ ನಡೆಯುತ್ತದೆ. ಎರಡನೆಯದಕ್ಕೆ ಉತ್ತರ ಶುರು. ಆಮೇಲೆ ಎರಡು ಸುತ್ತು ಸೋಲೋ. ಅದರಲ್ಲಿ ಎರಡನೆಯ ಸುತ್ತಿಗೆ ಉಳಿದವರು ಒಂದು ಪುಟ್ಟ ರಿಫ್ ಹಿಡಿಯುತ್ತಾರೆ. ಐದನೆಯ ಸುತ್ತು ಸ್ಟಾಪ್ ಟೈಮ್, ಆರನೆಯದು ಕೊನೆಯ ಚರಣ. ಕೊನೆಯ ಸಾಲನ್ನು ಇನ್ನೆರಡು ಸಲ ಹಾಡಿ ನಿಲ್ಲಿಸುವುದು. ಶುರುವಿಗೆ 8 ಸೆಕೆಂಡ್, ಆರು ಸುತ್ತಿಗೆ 144, ಕೊನೆಯ ಎರಡು ಮರುಹಾಡಿಗೆ 16. ಒಟ್ಟು ಮೂರು ನಿಮಿಷಕ್ಕೆ 12 ಸೆಕೆಂಡ್ ಕಡಿಮೆ. ಸ್ವಂತ ಹಾಡಿಗೆ, ಅದೂ ಯಾರೂ ಕೇಳಿಲ್ಲದ ಹಾಡಿಗೆ, ಇಷ್ಟು ಸಾಕು.

ಮುಕ್ತಾಯಕ್ಕೆ ಎರಡು ದಾರಿ. ದನಿಮುದ್ರಿಕೆಯ ಹಾಗೆ ನಿಧಾನವಾಗಿ ಕರಗಿಹೋಗುವುದು ವೇದಿಕೆಯಲ್ಲಿ ಆಗದ ಮಾತು. ಕೊನೆಯ ಸಾಲನ್ನು ಮೂರು ಸಲ ಹೇಳಿ ನಿಲ್ಲುವುದು ಬ್ಲೂಸ್‌ನಲ್ಲೂ ಇದೆ, ನಮ್ಮ ಕಚೇರಿಯ ಮುಕ್ತಾಯದಲ್ಲೂ ಇದೆ. ಜನರಿಗೆ ಎರಡನೆಯ ಸಲಕ್ಕೇ ಗೊತ್ತಾಗುತ್ತದೆ, ಮೂರನೆಯದಕ್ಕೆ ಅವರ ಕೈ ಚಪ್ಪಾಳೆಗೆ ತಯಾರಾಗಿರುತ್ತದೆ.

ಜಾಗ ನೋಡಿ ಇನ್ನೊಂದು ರೂಪವನ್ನೂ ಕಟ್ಟಿಟ್ಟುಕೊಳ್ಳಿ. ಕುವೆಂಪು ಕಲಾಮಂದಿರಕ್ಕೋ ಹಾಸನಾಂಬ ಕಲಾಕ್ಷೇತ್ರಕ್ಕೋ ಪೂರ್ತಿ ಡ್ರಮ್ ಸೆಟ್ ಸರಿ. ತೋಟದ ನಡುವಿನ ಹೋಮ್‌ಸ್ಟೇಗೆ ಕಹೋನ್, ಅಂದರೆ ಮೇಲೆ ಕೂತು ಕೈಯಲ್ಲಿ ಬಡಿಯುವ ಮರದ ಪೆಟ್ಟಿಗೆ, ಸಾಕು. ರಾತ್ರಿ 10ರ ಮೇಲೆ ಧ್ವನಿವರ್ಧಕ ಹಾಕುವ ಹಾಗಿಲ್ಲ, ಇದು 2000ದಿಂದ ಇರುವ ಕೇಂದ್ರದ ನಿಯಮ. ಮಳೆಗಾಲದಲ್ಲಿ ಕರೆಂಟನ್ನು ನಂಬಿ ಕೀಬೋರ್ಡ್ ಮೇಲೆ ಇಡೀ ಹಾಡನ್ನು ನಿಲ್ಲಿಸಬೇಡಿ. ತೇವಕ್ಕೆ ತಬಲಾದ ಚರ್ಮ ಇಳಿಯುತ್ತದೆ, ಶೀಟಿನ ಮೇಲೆ ಮಳೆ ಬಿದ್ದರೆ ಡ್ರಮ್ ಮೇಲೆ ಆಡಿಸುವ ಬ್ರಶ್ಶಿನ ಸದ್ದು ಕೇಳಿಸುವುದೇ ಇಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಒಂದು ಗಿಟಾರ್, ಒಂದು ಮೌತ್ ಆರ್ಗನ್, ಎಂಟು ಬಾರ್‌ನ ರೂಪವೇ ಗಟ್ಟಿ.

ಹಾಡು ಯಾರದು ಅನ್ನುವ ವಿಷಯ ಕೊನೆಗೆ ಉಳಿಯುತ್ತದೆ. ಹನ್ನೆರಡು ಬಾರ್‌ನ ಆಕಾರ, ಮೂರು ಕಾರ್ಡಿನ ಓಟ ಯಾರಪ್ಪನ ಆಸ್ತಿಯೂ ಅಲ್ಲ, ಎಲ್ಲರೂ ಬಳಸಬಹುದು. ನಿಮ್ಮದಾಗುವುದು ರಾಗ ಮತ್ತು ಮಾತು. 1957ರ ಕಾಪಿರೈಟ್ ಕಾಯ್ದೆಯಲ್ಲಿ ಇವೆರಡೂ ಬೇರೆ ಬೇರೆ. ಮಾತು ಸಾಹಿತ್ಯ ಕೃತಿ, ರಾಗ ಸಂಗೀತ ಕೃತಿ. ಬರೆದವರ ಆಯುಸ್ಸು, ಅವರ ನಂತರ 60 ವರ್ಷ, ಅಲ್ಲಿಯವರೆಗೆ ಹಕ್ಕು ಇರುತ್ತದೆ. ಜಗಳ ಹುಟ್ಟುವುದು ಮಾತ್ರ ನಡುವಿನ ರಿಫ್ ವಿಷಯದಲ್ಲಿ. ಬೇಸಿನವರು ರಿಹರ್ಸಲ್‌ನಲ್ಲಿ ಆಟಕ್ಕೆ ಬಾರಿಸಿದ ನಾಲ್ಕು ಸ್ವರವೇ ಆಮೇಲೆ ಹಾಡಿನ ಗುರುತಾಗಿಬಿಡುತ್ತದೆ. ಮೊದಲ ಶೋಗೂ ಮುಂಚೆ ಒಂದು ಹಾಳೆಯಲ್ಲಿ ತಾರೀಖು, ಸಾಹಿತ್ಯ ಯಾರದು, ರಾಗ ಯಾರದು, ರಿಫ್ ಕೊಟ್ಟವರಿಗೆ ಪಾಲು ಎಷ್ಟು ಅಂತ ಬರೆದು ಎಲ್ಲರೂ ಸಹಿ ಹಾಕಿ. ಅದರ ಫೋಟೋ ತೆಗೆದು, ರಿಹರ್ಸಲ್‌ನ ಒಂದು ರೆಕಾರ್ಡಿಂಗ್ ಜೊತೆ ಬ್ಯಾಂಡಿನ ವಾಟ್ಸಾಪ್ ಗ್ರೂಪಿಗೆ ಹಾಕಿಬಿಡಿ.